‘ಯಾವಾಗಲೂ’ ಅನ್ನೋ ಕಾಲಂ

ಹೋದ ನವೆಂಬರಲ್ಲಿ ಒಂದು ಮಧ್ಯಾಹ್ನ, ಮಕ್ಕಳು ಊಟ ಮುಗಿಸಿ ನಲ್ಲಿ ಹತ್ರ ತಟ್ಟೆ ತೊಳೀತಾ ಇದ್ದ ಹೊತ್ತಲ್ಲಿ, ಒಂದು ಹುಡುಗಿ ನಮ್ಮ ಸ್ಕೂಲ್ ಗೇಟ್ ಹತ್ರ ನಿಂತು ಒಳಗೆ ಬರ್ಲೋ ಬೇಡ್ವೋ ಅಂತ ನೋಡ್ತಿದ್ಲು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಟ್ಯಾಗ್ ಕಟ್ಟಿದ ಜೆರಾಕ್ಸ್ ಕಟ್ಟು. ಅವಳ ಮುಖಕ್ಕಿಂತ ಮುಂಚೆ ನನಗೆ ಆ ಕಟ್ಟಿನ ಗುರುತು ಸಿಕ್ತು. ಮೈಸೂರಿಂದ ಬಂದಿದ್ಲು, ಎಂ.ಎಡ್. ಎರಡನೇ ವರ್ಷ, ಡಿಸರ್ಟೇಶನ್ನಿಗೆ ಡೇಟಾ ಕಲೆಕ್ಷನ್. ವಿಷಯ ಏನಮ್ಮ ಅಂದೆ. ‘ಮುಖ್ಯ ಶಿಕ್ಷಕರ ನಾಯಕತ್ವ ಶೈಲಿ ಮೇಡಂ’ ಅಂದ್ಲು. ‘ನಿಮ್ಮ ಟೀಚರ್ಸ್‌ಗೆ ನಾಲ್ಕು ಫಾರ್ಮ್ ಇದೆ, ನೀವೇ ತುಂಬಿಸಿ ಕೊಟ್ಬಿಟ್ರೆ ನಾಲ್ಕೂಕಾಲು ಬಸ್ಸಿಗೆ ಹೊರಟ್ಬಿಡ್ತೀನಿ, ಇನ್ನೂ ಆರು ಸ್ಕೂಲ್ ಬಾಕಿ ಇದೆ.’ ಕಟ್ಟು ಕೈಗೆ ತಗೊಂಡು ನೋಡಿದೆ. ಸಾಲಾಗಿ ವಾಕ್ಯಗಳು, ಎದುರಿಗೆ ಐದು ಕಾಲಂ. ಯಾವಾಗಲೂ, ಆಗಾಗ, ಕೆಲವೊಮ್ಮೆ, ಅಪರೂಪಕ್ಕೆ, ಎಂದೂ ಇಲ್ಲ. ಇಂಥದ್ದೇ ಕಟ್ಟು ಹಿಡ್ಕೊಂಡು ನಾನೂ ಇದೇ ಜಿಲ್ಲೇಲಿ ಊರೂರು ಅಲೆದಿದ್ದೆ. ಆಗ ನಾನು ಮಾಡಿದ ಒಂದು ಕೆಲಸ ಇಷ್ಟು ವರ್ಷ ಆದ್ರೂ ಮನಸ್ಸಲ್ಲಿ ಮುಳ್ಳಿನ ಥರ ಕೂತಿದೆ, ಯಾರ ಹತ್ರಾನೂ ಸರಿಯಾಗಿ ಹೇಳ್ಕೊಂಡಿಲ್ಲ. ಅದನ್ನ ಇವತ್ತು ಬರೀಬೇಕು ಅನ್ನಿಸ್ತು.

ಏಳು ನಿಮಿಷ

ನಮ್ದು ಎರಡು ವರ್ಷದ ಎಂ.ಎಡ್.ನ ಮೊದಲನೇ ಬ್ಯಾಚು. ಟೀಚರ್ ಟ್ರೈನಿಂಗ್ ಕೋರ್ಸುಗಳಿಗೆ ನಿಯಮ ಮಾಡೋ ಎನ್‌ಸಿಟಿಇಯ 2014ರ ರೆಗ್ಯುಲೇಶನ್ ಬಂದ್ಮೇಲೆ 2015ರಿಂದ ಒಂದು ವರ್ಷದ ಕೋರ್ಸು ಎರಡು ವರ್ಷ ಆಯ್ತಲ್ಲ, ಆ ವರ್ಷ ಸೇರಿದ್ದೋರು ನಾವು. ಸ್ಪೆಶಲೈಸೇಶನ್ನಿಗೆ ನಾನು ಶೈಕ್ಷಣಿಕ ಆಡಳಿತ ಮತ್ತು ನಿರ್ವಹಣೆ ತಗೊಂಡೆ. ಅದಕ್ಕೆ ಕಾರಣ ನಮ್ಮಪ್ಪ. ಅವರು ಪ್ರೈಮರಿ ಸ್ಕೂಲ್ ಮೇಷ್ಟ್ರು. ಒಬ್ಬ ಹೆಡ್‌ಮಾಸ್ಟರ್ ಹೋಗಿ ಇನ್ನೊಬ್ರು ಬಂದ್ರೆ ನಮ್ಮಪ್ಪನ ಮುಖದ ಕಳೇನೇ ಬದಲಾಗ್ತಿತ್ತು, ಮನೇಲಿ ರಾತ್ರಿ ಊಟದ ಹೊತ್ತಿನ ಮಾತು ಬದಲಾಗ್ತಿತ್ತು. ಅದೇ ಸ್ಕೂಲು, ಅದೇ ಮಕ್ಕಳು, ಅದೇ ಸಂಬಳ, ಕುರ್ಚಿ ಮೇಲಿನ ಒಬ್ಬ ಮನುಷ್ಯ ಬದಲಾದ್ರೆ ಎಲ್ಲಾ ಹೆಂಗೆ ಬದಲಾಗತ್ತೆ ಅನ್ನೋದು ಚಿಕ್ಕಂದಿನಿಂದ ನನಗಿದ್ದ ಪ್ರಶ್ನೆ. ಅದನ್ನ ಓದೋಕೆ ಒಂದು ಕೋರ್ಸ್ ಇದೆ ಅಂತ ಗೊತ್ತಾದಾಗ ನಿಜವಾಗ್ಲೂ ಖುಷಿ ಆಗಿತ್ತು.

ಡೇಟಾ ಕಲೆಕ್ಷನ್ 2016ರ ಸೆಪ್ಟೆಂಬರಲ್ಲಿ ಶುರು ಮಾಡೋಣ ಅಂದ್ಕೊಂಡ್ರೆ ಕಾವೇರಿ ಗಲಾಟೆ, ಮಂಡ್ಯ ಕಡೆ ಬಸ್ಸೂ ಇಲ್ಲ ಸ್ಕೂಲೂ ಇಲ್ಲ. ಅಕ್ಟೋಬರಲ್ಲಿ ದಸರಾ ರಜೆ. ನವೆಂಬರಲ್ಲಿ ಹೊರಟ್ರೆ ನೋಟು ಬ್ಯಾನು, ಪರ್ಸಲ್ಲಿದ್ದ ಐನೂರರ ನೋಟು ಯಾರಿಗೂ ಬೇಡ. ಅಂತೂ ಎರಡು ವಾರದಲ್ಲಿ ಎಲ್ಲಾ ಸ್ಕೂಲ್ ಮುಗಿಸ್ಬೇಕಾದ ಪರಿಸ್ಥಿತಿ ಬಂತು. ಬೆಳಗ್ಗೆ ಪ್ಯಾಸೆಂಜರ್ ಟ್ರೇನ್ ಹತ್ತಿ ಪಾಂಡವಪುರದಲ್ಲೋ ಯಲಿಯೂರಲ್ಲೋ ಇಳಿದು ಅಲ್ಲಿಂದ ಸಿಕ್ಕಿದ ಆಟೋ, ಸಿಗದಿದ್ರೆ ನಡಿಗೆ.

ಮೂರನೇ ದಿನ ಹೋಗಿದ್ದು ಒಂದು ಹೈಸ್ಕೂಲಿಗೆ. ಊರಿನ ಹೆಸರು ಬೇಡ. ಹೆಡ್‌ಮಾಸ್ಟರ್ ಒಳ್ಳೆ ಶಿಸ್ತಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಟೇಬಲ್ ಮೇಲೆ ಒಂದು ಧೂಳಿನ ಕಣ ಇಲ್ಲ. ನನಗೆ ನೀರು ಕೊಟ್ರು, ಟೀ ತರಿಸಿದ್ರು, ‘ಪಾಪ ಬಿಸಿಲಲ್ಲಿ ಬಂದಿದೀಯ ಮಗು’ ಅಂದ್ರು. ಕಟ್ಟು ನೋಡಿ ಬೆಲ್ ಒತ್ತಿ ಜವಾನನ್ನ ಕರೆದು ‘ಎಲ್ರನ್ನೂ ಬರೋಕೆ ಹೇಳು’ ಅಂದ್ರು. ಎಂಟು ಜನ ಟೀಚರ್ಸ್ ಬಂದ್ರು. ಅವರ ಚೇಂಬರಲ್ಲೇ, ಅವರ ಟೇಬಲ್ ಸುತ್ತಾನೇ, ಅರ್ಧ ಜನ ನಿಂತ್ಕೊಂಡು ಅರ್ಧ ಜನ ಕೂತ್ಕೊಂಡು. ‘ಬೇಗ ಬೇಗ ತುಂಬ್ಕೊಡಿ, ಮೈಸೂರಿಂದ ಬಂದಿದೆ ಮಗು’ ಅಂತ ಹೆಡ್‌ಮಾಸ್ಟ್ರು ತಾವೇ ಪೆನ್ ಹಂಚಿದ್ರು. ಅವರಿಗೆ ಅದು ಸಹಾಯ, ನನಗೂ ಆಗ ಸಹಾಯ ಅಂತಾನೇ ಅನ್ನಿಸ್ತು. ಪ್ರಶ್ನೆ ಎಲ್ಲಾ ಅವರ ಬಗ್ಗೇನೇ, ಮುಖ್ಯ ಶಿಕ್ಷಕರು ತೀರ್ಮಾನ ತಗೊಳ್ಳೋ ಮುಂಚೆ ನಮ್ಮನ್ನ ಕೇಳ್ತಾರೆ, ಮುಖ್ಯ ಶಿಕ್ಷಕರು ಎಲ್ಲರನ್ನೂ ಸಮಾನವಾಗಿ ಕಾಣ್ತಾರೆ, ಹಿಂಗೆ. ಅವರು ಎದುರಿಗೇ ಕೂತು ಟಪಾಲು ನೋಡ್ತಾ ಮಧ್ಯೆ ಮಧ್ಯೆ ತಲೆ ಎತ್ತಿ ನೋಡ್ತಿದ್ರು. ಪೆನ್ನುಗಳು ಒಂದೇ ಕಾಲಂನಲ್ಲಿ ಮೇಲಿಂದ ಕೆಳಗೆ ಇಳೀತಾ ಹೋದ್ವು. ನಲವತ್ತು ಪ್ರಶ್ನೆ, ಎಂಟು ಜನ, ಏಳು ನಿಮಿಷ. ಗೋಡೆ ಗಡಿಯಾರ ನೋಡಿದ್ದು ಇವತ್ತಿಗೂ ನೆನಪಿದೆ.

ಒಬ್ಬರು ಮಾತ್ರ ನಿಲ್ಸಿದ್ರು. ಐವತ್ತರ ಆಸುಪಾಸಿನ ವಿಜ್ಞಾನದ ಮೇಡಂ. ಹನ್ನೊಂದನೇ ವಾಕ್ಯದ ಮೇಲೆ ಅವರ ಪೆನ್ನು ನಿಂತೋಯ್ತು. ‘ನನ್ನ ಪಾಠದಲ್ಲಿ ತೊಡಕು ಬಂದಾಗ ಮುಖ್ಯ ಶಿಕ್ಷಕರ ಹತ್ತಿರ ಅಂಜಿಕೆ ಇಲ್ಲದೆ ಹೇಳಿಕೊಳ್ಳುತ್ತೇನೆ.’ ನನ್ನ ಕಡೆ ನೋಡಿದ್ರು, ಟೇಬಲ್ ಆ ಕಡೆ ನೋಡಿದ್ರು, ಆಮೇಲೆ ‘ಯಾವಾಗಲೂ’ಗೆ ಟಿಕ್ ಹಾಕಿ ಮುಂದಕ್ಕೆ ಹೋದ್ರು. ನಾನು ಹೊರಟಾಗ ಸೈಕಲ್ ಸ್ಟ್ಯಾಂಡ್ ಹತ್ರ ತನಕ ಜೊತೇಲಿ ಬಂದು, ಮೆಲ್ಲಗೆ, ‘ನಿನ್ನ ಹನ್ನೊಂದನೇ ಪ್ರಶ್ನೆ ಚೆನ್ನಾಗಿತ್ತು ಕಣಮ್ಮ, ಅದನ್ನ ನಮ್ಮನೆಗೆ ಬಂದು ಕೇಳಿದ್ದಿದ್ರೆ ಉತ್ರ ಹೇಳ್ತಿದ್ದೆ’ ಅಂದ್ರು. ಅಷ್ಟೇ ಅಂದಿದ್ದು. ವಾಪಸ್ ಕ್ಲಾಸಿಗೆ ಹೋದ್ರು.

ನಾನು ಆ ಎಂಟು ಫಾರ್ಮನ್ನ ಎಸೀಬೇಕಿತ್ತು. ಎಸೀಲಿಲ್ಲ. ಅದೊಂದೇ ಸ್ಕೂಲ್ ಅಲ್ಲ, ಅದಾದ್ಮೇಲೆ ಹೋದ ಸುಮಾರು ಸ್ಕೂಲಲ್ಲಿ ಹಂಗೇ ಆಯ್ತು, ಒಂದೆರಡು ಕಡೆ ಹೆಡ್‌ಮಾಸ್ಟ್ರೇ ಕಲೆಕ್ಟ್ ಮಾಡಿ, ಒಂದ್ಸಲ ಕಣ್ಣಾಡಿಸಿ, ಕವರಿಗೆ ಹಾಕಿ ಕೊಟ್ರು. ಗೈಡ್ ಹತ್ರ ಹೇಳಿದೆ, ಅಳುಕ್ತಾನೇ ಹೇಳಿದೆ. ‘ಡೇಟಾ ಬಂದಿದೆಯಲ್ಲ, ಟೈಮ್ ಇಲ್ಲ, ಮುಂದಕ್ಕೆ ಹೋಗು’ ಅಂದ್ರು. ಮುಂದಕ್ಕೆ ಹೋದೆ. ಮೀನ್ (ಸರಾಸರಿ) ತೆಗೆದೆ, ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆದೆ, ಗಂಡು-ಹೆಣ್ಣು, ಸರ್ಕಾರಿ-ಖಾಸಗಿ, ನಗರ-ಗ್ರಾಮೀಣ ಅಂತ ಎರಡೆರಡು ಗುಂಪಿನ ಸರಾಸರಿ ಹೋಲಿಸೋ ಟಿ-ಟೆಸ್ಟ್ ಮಾಡಿದೆ, 0.05 ಲೆವೆಲ್ಲಲ್ಲಿ ಗಣನೀಯ ವ್ಯತ್ಯಾಸ ಇಲ್ಲ ಅಂತ ಬಂತು, ಶೂನ್ಯ ಊಹೆ ಒಪ್ಪಿದೆ. ವ್ಯತ್ಯಾಸ ಎಲ್ಲಿಂದ ಬರ್ಬೇಕು, ಎಲ್ಲರೂ ಒಂದೇ ಕಾಲಂಗೆ ಟಿಕ್ ಹಾಕಿದ್ರೆ? ಕೊನೇ ಅಧ್ಯಾಯದಲ್ಲಿ ಮುಖ್ಯ ಶಿಕ್ಷಕರ ನಾಯಕತ್ವ ಉತ್ತಮ ಮಟ್ಟದಲ್ಲಿದೆ ಅಂತ ನನ್ನ ಕೈಯಾರೆ ಬರೆದೆ. ಕಪ್ಪು ರೆಕ್ಸಿನ್ ಬೈಂಡಿಂಗು, ಚಿನ್ನದ ಅಕ್ಷರ, ವೈವಾ ಪಾಸು. ಹನ್ನೊಂದನೇ ಪ್ರಶ್ನೆಗೆ ಆ ಮೇಡಂ ಕೊಡದೆ ಉಳಿಸ್ಕೊಂಡ ಉತ್ತರ ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ಇಡೀ ಸಂಶೋಧನೆಯಲ್ಲಿ ನಿಜ ಅಂತ ನನಗೆ ಸಿಕ್ಕಿದ್ದು ಅದೊಂದೇ.

ಓದಿದ್ದು ಸುಳ್ಳಲ್ಲ

ಎಂ.ಎಡ್. ಅಂದ್ರೆ ಬರೀ ಪೇಪರ್ ಅಂತ ಮಾತಾಡೋರು ಜಾಸ್ತಿ. ನಾನು ಅದನ್ನ ಒಪ್ಪಲ್ಲ. ಓದಿದ್ರಲ್ಲಿ ಕೆಲವು ಇವತ್ತಿಗೂ ನನ್ನ ಜೊತೇಲಿವೆ. POSDCORB ಅಂತ ನಾವು ಬಾಯಿಪಾಠ ಮಾಡಿದ್ದು, ಪ್ಲಾನಿಂಗ್ ಇಂದ ಬಜೆಟಿಂಗ್ ತನಕ ಏಳು ಕೆಲಸ (ಕನ್ನಡದಲ್ಲಿ ‘ಪೋಸ್ಡ್‌ಕಾರ್ಬ್’ ಅಂತ ಬರ್ಕೋತಿದ್ವಿ), ಅದು ಲೂಥರ್ ಗುಲಿಕ್ 1937ರಲ್ಲಿ ಅಮೆರಿಕದ ಅಧ್ಯಕ್ಷರ ಆಡಳಿತ ಹೆಂಗಿರ್ಬೇಕು ಅನ್ನೋ ಚರ್ಚೆಗೆ ಬರೆದಿದ್ದು. ಅಧ್ಯಕ್ಷರ ಕಚೇರಿಗೆ ಮಾಡಿದ ಪಟ್ಟಿ, ಎರಡು ರೂಮಿನ ಸ್ಕೂಲಿಗೆ ಎಷ್ಟು ಹೊಂದತ್ತೆ ಅಂತ ಯಾರೂ ಕ್ಲಾಸಲ್ಲಿ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಆದ್ರೆ ಹಾಲ್ಪಿನ್ ಮತ್ತು ಕ್ರಾಫ್ಟ್ 1963ರಲ್ಲಿ ಮಾಡಿದ ಕೆಲಸ ಬೇರೆ ಥರದ್ದು. ಅಮೆರಿಕದ 71 ಪ್ರಾಥಮಿಕ ಶಾಲೆಗಳನ್ನ ನೋಡಿ, ಒಂದೊಂದು ಸ್ಕೂಲಿಗೂ ಒಂದೊಂದು ಹವೆ ಇರತ್ತೆ, ತೆರೆದ ಹವೆಯಿಂದ ಮುಚ್ಚಿದ ಹವೆ ತನಕ ಆರು ಬಗೆ ಅಂದ್ರು. ಅದರಲ್ಲಿ ಎರಡು ಮಾತು ನನಗೆ ತುಂಬಾ ಹಿಡಿಸಿದ್ವು. ಒಂದು, ಹೆಡ್‌ಮಾಸ್ಟರ್ ಹೊರಿಸೋ ಬೇಡದ ಕೆಲಸದಿಂದ ಪಾಠಕ್ಕೆ ಅಡ್ಡಿ ಆಗ್ತಿದೆ ಅಂತ ಟೀಚರ್ಸ್‌ಗೆ ಎಷ್ಟು ಅನ್ನಿಸ್ತಿದೆ ಅನ್ನೋದು. ಇನ್ನೊಂದು, ಹೆಡ್‌ಮಾಸ್ಟರ್ ಬಾಯಲ್ಲಿ ಹೇಳದೆ ತಾನೇ ಮೈಮುರಿದು ದುಡಿದು ತೋರಿಸ್ತಾನಾ ಅನ್ನೋದು. ನಮ್ಮಪ್ಪ ರಾತ್ರಿ ಊಟದ ಹೊತ್ತಲ್ಲಿ ಮಾತಾಡ್ತಿದ್ದಿದ್ದು ಇವೆರಡನ್ನೇ. ಅಷ್ಟು ದೂರದಲ್ಲಿ ಕೂತು ಯಾರೋ ನಮ್ಮನೆ ಅಡುಗೆಮನೆ ಮಾತು ಕೇಳಿಸ್ಕೊಂಡ ಹಂಗಿತ್ತು.

ಹಂಗಾಗಿ ತಪ್ಪು ಪ್ರಶ್ನಾವಳಿಯದ್ದಲ್ಲ. ಅಂಜಿಕೆ ತುಂಬಿರೋ ರೂಮಲ್ಲಿ ಅದನ್ನ ಹಂಚಿದ್ದು ತಪ್ಪು. ನಾಯಕತ್ವ ಅಳೀತೀವಿ ಅಂತ ಹೋಗಿ ಅಂಜಿಕೇನ ಲೆಕ್ಕಕ್ಕೇ ತಗೊಳ್ಳದಿದ್ದದ್ದು ತಪ್ಪು. ಹ್ಯಾರಿ ವಾಲ್ಕಾಟ್ ಅನ್ನೋ ಮಾನವಶಾಸ್ತ್ರದವರು ಒಬ್ಬನೇ ಒಬ್ಬ ಪ್ರಿನ್ಸಿಪಾಲರ ಹಿಂದೆ ನೆರಳಿನ ಥರ ದಿನಗಟ್ಟಲೆ ಓಡಾಡಿ, ಆತ ಯಾರ ಹತ್ರ ಏನು ಮಾತಾಡಿದ, ಎಷ್ಟು ಮೀಟಿಂಗ್ ಕೂತ, ಎಲ್ಲಾ ಬರೆದು 1973ರಲ್ಲಿ ಪ್ರಕಟಿಸಿದ್ರು. ಒಬ್ಬನೇ ಒಬ್ಬ! ನಾವು ಎರಡು ವಾರದಲ್ಲಿ ಇಪ್ಪತ್ತು ಜನರನ್ನ ಮುಗಿಸಿದ್ವಿ. ನಮಗೂ ಇಂಟರ್ನ್‌ಶಿಪ್ ಇತ್ತು, ಆದ್ರೆ ಅದು ಹೆಚ್ಚಾಗಿ ಬಿ.ಎಡ್., ಡಿ.ಎಡ್. ಕಾಲೇಜುಗಳಲ್ಲಿ. ಆಡಳಿತ ಸ್ಪೆಶಲೈಸೇಶನ್ ತಗೊಂಡೋಳು ಒಬ್ಬ ಹೆಡ್‌ಮಾಸ್ಟರ್ ಜೊತೆ ಬೆಳಗ್ಗೆ ಗೇಟ್ ತೆಗೆಯೋದ್ರಿಂದ ಸಂಜೆ ಬೀಗ ಹಾಕೋ ತನಕ ಒಂದು ತಿಂಗಳು ಇದ್ದಿದ್ರೆ, ಆ ಎರಡು ವರ್ಷಕ್ಕೆ ಬೇರೆ ತೂಕ ಇರ್ತಿತ್ತು.

ಬೀಗದ ಕೈ ಗೊಂಚಲು

ಆಮೇಲೆ ಕೆಲಸ ಸಿಕ್ತು, ಮಂಡ್ಯ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಬಂದೆ. ಕೆಲವು ವರ್ಷ ಕಳೆದ್ಮೇಲೆ ಒಂದು ಮೇ 31ಕ್ಕೆ ನಮ್ಮ ಹೆಡ್‌ಮಾಸ್ಟ್ರು ರಿಟೈರ್ ಆದ್ರು. ಚಾರ್ಜ್ ತಗೋಬೇಕಾದೋರು ನಮ್ಮಲ್ಲಿ ಹಿರಿಯ ಮೇಷ್ಟ್ರು. ಅವರಿಗೆ ಬಿಪಿ, ಮನೇಲಿ ಹಾಸಿಗೆ ಹಿಡಿದ ತಾಯಿ, ‘ನನ್ನ ಕೈಲಾಗಲ್ಲ, ನೀವೇ ತಗೊಳ್ಳಿ ಮೇಡಂ, ಕಂಪ್ಯೂಟ್ರು ಗೊತ್ತು ನಿಮಗೆ’ ಅಂತ ಬರೆದು ಕೊಟ್ಬಿಟ್ರು. ಹಂಗೆ ನಾನು ಪ್ರಭಾರ ಹೆಚ್ಚೆಮ್ಮು. ಜೂನ್ ಮೊದಲನೇ ವಾರ ನನ್ನ ಕೈಗೆ ಬಂದಿದ್ದು ಬೀಗದ ಕೈ ಗೊಂಚಲು, ಎರಡು ಪಾಸ್‌ಬುಕ್ಕು, ಚೆಕ್‌ಬುಕ್ಕು, ಎಸ್‌ಎಟಿಎಸ್ (ಮಕ್ಕಳ ಮಾಹಿತಿ ಆನ್‌ಲೈನಲ್ಲಿ ತುಂಬೋ ಸರ್ಕಾರಿ ವ್ಯವಸ್ಥೆ) ಪಾಸ್‌ವರ್ಡು, ಅಕ್ಷರ ದಾಸೋಹದ ಸ್ಟಾಕ್ ವಹಿ, ಚಲನವಲನ ವಹಿ, ಮತ್ತೆ ಅಟ್ಟದ ಮೇಲಿನ ಒಂದು ಟ್ರಂಕು. ಎಂ.ಎಡ್. ಆಗಿದೆಯಾ, ಏನು ಓದಿದೀರ ಅಂತ ಯಾರೂ ಕೇಳ್ಲಿಲ್ಲ. ಕೇಳೋ ಜಾಗಾನೇ ಆ ಫಾರ್ಮಲ್ಲಿ ಇಲ್ಲ.

ಇದು ನನ್ನೊಬ್ಬಳ ಕಥೆ ಅಲ್ಲ. ಆರ್‌ಟಿಇ ಕಾಯ್ದೆಯ ಷೆಡ್ಯೂಲ್ ತೆಗೆದು ನೋಡಿ. ಒಂದರಿಂದ ಐದರ ತನಕ 150ಕ್ಕಿಂತ ಜಾಸ್ತಿ ಮಕ್ಕಳಿದ್ರೆ ಒಬ್ಬ ಮುಖ್ಯ ಶಿಕ್ಷಕ, ಆರರಿಂದ ಎಂಟರ ತನಕ 100ಕ್ಕಿಂತ ಜಾಸ್ತಿ ಇದ್ರೆ ಪೂರ್ಣಾವಧಿ ಮುಖ್ಯ ಶಿಕ್ಷಕ. ನಮ್ಮಲ್ಲಿ ಎಲ್ಲಾ ಸೇರಿ 92 ಮಕ್ಕಳು. ನಮ್ಮ ಸುತ್ತಮುತ್ತ ಅಷ್ಟೂ ಇಲ್ಲದ ಸ್ಕೂಲುಗಳೇ ಜಾಸ್ತಿ. ಅಲ್ಲೆಲ್ಲಾ ಪಾಠ ಮಾಡೋರೇ ಸ್ಟಾಕ್ ಬರೀತಾರೆ, ಸ್ಟಾಕ್ ಬರೆಯೋರೇ ಪಾಠ ಮಾಡ್ತಾರೆ. ಸಿಂಗಪುರದಲ್ಲಿ ಪ್ರಿನ್ಸಿಪಾಲ್ ಆಗೋ ಮುಂಚೆ ಆರು ತಿಂಗಳು ಫುಲ್ ಟೈಮ್ ತರಬೇತಿಗೆ ಕಳಿಸ್ತಾರೆ. ನಮ್ಮ ದೇಶದಲ್ಲೂ ಈ ಯೋಚನೆ ಇಲ್ಲ ಅಂತಲ್ಲ, ದೆಹಲಿಯ ನೀಪಾ ಅನ್ನೋ ಶೈಕ್ಷಣಿಕ ಯೋಜನೆ-ಆಡಳಿತದ ರಾಷ್ಟ್ರೀಯ ಸಂಸ್ಥೆಯಲ್ಲಿ 2012ರಿಂದ ಶಾಲಾ ನಾಯಕತ್ವಕ್ಕೇ ಅಂತ ಒಂದು ರಾಷ್ಟ್ರೀಯ ಕೇಂದ್ರ ಇದೆ, ಅವರು ಮಾಡಿರೋ ಪಠ್ಯಕ್ರಮದ ಚೌಕಟ್ಟಲ್ಲಿ ಏಳು ಭಾಗ ಇದಾವೆ, ತನ್ನನ್ನ ತಾನು ಬೆಳೆಸ್ಕೊಳ್ಳೋದು, ಕಲಿಕೆ-ಬೋಧನೆ ಬದಲಾಯಿಸೋದು, ತಂಡ ಕಟ್ಟೋದು ಹಿಂಗೆ, ಆಡಳಿತ ಅನ್ನೋದು ಅದರಲ್ಲಿ ಒಂದು ಭಾಗ ಮಾತ್ರ. ಹೊಸ ಶಿಕ್ಷಣ ನೀತಿ 2020ರಲ್ಲಿ ಟೀಚರ್ಸ್ ಥರಾನೇ ಪ್ರಿನ್ಸಿಪಾಲರಿಗೂ ವರ್ಷಕ್ಕೆ 50 ಗಂಟೆ ಕಲಿಕೆ ಅಂತಿದೆ. ಕೇಂದ್ರ ಸರ್ಕಾರದ ‘ನಿಷ್ಠಾ’ ಶಿಕ್ಷಕರ ತರಬೇತಿಯಲ್ಲಿ ನಾಯಕತ್ವದ ಮಾಡ್ಯೂಲ್ ನಾನೂ ಮಾಡಿದೀನಿ, ಚೆನ್ನಾಗೇ ಇತ್ತು. ಆದ್ರೆ ಏಳರಲ್ಲಿ ಒಂದಾಗಿರೋ ಆಡಳಿತ ನಮ್ಮ ದಿನದಲ್ಲಿ ಮಾತ್ರ ಉಳಿದ ಆರನ್ನೂ ತಿಂದು ಕೂರತ್ತೆ.

ಮೊದಲ ಎರಡು ವಾರ ನಾನು ದಿನಾ ಒಂದು ಡೈರಿ ಬರೆದೆ, ವಾಲ್ಕಾಟ್ ನೆನಪಲ್ಲಿ, ನನ್ನ ಹಿಂದೆ ನಾನೇ ನೆರಳಾಗಿ. ಒಂದು ದಿನದ್ದು ಇಲ್ಲಿ ಹಾಕ್ತೀನಿ. ಒಂಬತ್ತೂವರೆ, ಹಾಲಿನ ಪುಡಿ ಲೆಕ್ಕ. ಹತ್ತು, ಪ್ರಾರ್ಥನೆ. ಹತ್ತೂಕಾಲು, ಬಿಇಓ ಆಫೀಸಿಂದ ವಾಟ್ಸಾಪ್, ಒಂದು ಮಾಹಿತಿ ‘ತುರ್ತು’ ಅಂತ. ಹನ್ನೊಂದು, ಆರನೇ ಕ್ಲಾಸ್ ಗಣಿತ, ಅರ್ಧಕ್ಕೆ ಅಡುಗೆ ಅಮ್ಮ ಬಾಗಿಲಿಗೆ ಬಂದು ‘ಮೇಡಮ್ಮಾ, ಗ್ಯಾಸ್ ಆಗೋಯ್ತು, ಏನ್ ಮಾಡ್ಲಿ’. ಹನ್ನೆರಡು, ಸಿಲಿಂಡರ್. ಊಟ. ಎರಡು, ಒಬ್ಬ ತಂದೆ ಬಂದು ಟಿಸಿ ಕೇಳಿದ್ದು, ಕಾನ್ವೆಂಟಿಗೆ ಹಾಕ್ತಾರಂತೆ, ಅರ್ಧ ಗಂಟೆ ಮಾತಾಡಿ ಉಳಿಸ್ಕೊಂಡಿದ್ದು. ಮೂರು, ಆರನೇ ಕ್ಲಾಸ್ ಉಳಿದರ್ಧ ಪಾಠ ಮಾಡೋಣ ಅಂತ ಹೋದ್ರೆ ಸರ್ವರ್ ಬಂದಿದೆ ಅಂತ ಎಂಟ್ರಿಗೆ ಕೂತಿದ್ದು. ಹದಿನಾಲ್ಕು ದಿನದ ಡೈರೀಲಿ, ಇನ್ನೊಬ್ಬ ಟೀಚರ್ ಪಾಠ ಮಾಡ್ತಿರೋ ರೂಮೊಳಗೆ ನಾನು ಕೂತ ನಿಮಿಷ ಸೊನ್ನೆ.

ಹಿಂದಿನ ಬೆಂಚು

ಆ ಸೊನ್ನೆ ನನ್ನ ನಿದ್ದೆ ಕೆಡಿಸ್ತು. ಯಾಕಂದ್ರೆ ಓದಿದ್ದು ನೆನಪಿತ್ತು. ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತೆ ಅವರ ಜೊತೆಯವರು 2008ರಲ್ಲಿ ಅಲ್ಲೀತನಕ ಆಗಿದ್ದ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದಾಗ, ದೊಡ್ಡ ಕನಸು ತೋರಿಸಿ ಹುರಿದುಂಬಿಸೋ ನಾಯಕತ್ವಕ್ಕಿಂತ, ಪಾಠ-ಕಲಿಕೆ ಒಳಗೇ ಕೈ ಹಾಕೋ ನಾಯಕತ್ವದ ಪರಿಣಾಮ ಮಕ್ಕಳ ಕಲಿಕೆ ಮೇಲೆ ಮೂರ್ನಾಲ್ಕು ಪಟ್ಟು ಜಾಸ್ತಿ ಅಂತ ಕಂಡಿತ್ತು. ಅದರಲ್ಲೂ ಎಲ್ಲಕ್ಕಿಂತ ಜಾಸ್ತಿ ಬಂದಿದ್ದು ಟೀಚರ್ಸ್ ಕಲಿಯೋ ಜಾಗದಲ್ಲಿ ಹೆಡ್ ತಾನೂ ಕೂತು ಕಲಿಯೋದಕ್ಕೆ. ಕಲಿಸೋದಲ್ಲ, ಜೊತೇಲಿ ಕಲಿಯೋದು. ಈ ಮಾತನ್ನ ಪರೀಕ್ಷೇಲಿ ಹತ್ತು ಮಾರ್ಕ್ಸಿಗೆ ಬರೆದಿದ್ದೆ. ಅರ್ಥ ಮಾಡ್ಕೊಂಡಿರ್ಲಿಲ್ಲ.

ಹೆಂಗೆ ಗೊತ್ತಾಯ್ತು ಅಂದ್ರೆ, ಜುಲೈಯಲ್ಲಿ ನಾನು ಪಾಠ ವೀಕ್ಷಣೆ ನಮೂನೆ ಪ್ರಿಂಟ್ ತೆಗೆದು, ಪ್ಯಾಡಿಗೆ ಸಿಗಿಸಿ, ಆ ಹಿರಿಯ ಮೇಷ್ಟ್ರ ನಲಿಕಲಿ ಕ್ಲಾಸಿಗೆ (ಒಂದರಿಂದ ಮೂರರ ಮಕ್ಕಳು ಒಟ್ಟಿಗೆ ಕೂತು ಕಾರ್ಡ್ ಹಿಡ್ಕೊಂಡು ಆಡ್ತಾ ಕಲಿಯೋ ಕ್ಲಾಸು) ಹೋದೆ. ಹೇಳದೆ ಹೋಗಿದ್ದಲ್ಲ, ಹಿಂದಿನ ದಿನಾನೇ ಹೇಳಿದ್ದೆ. ಅವರು ಆ ಕ್ಲಾಸಲ್ಲಿ ಹೆಂಗಿರ್ತಾರೆ ಅಂತ ನನಗೆ ಗೊತ್ತಿತ್ತು, ಹೊರಗಿಂದ ಕೇಳ್ತಿದ್ದೆ, ಹಾಡು, ನಗು, ಒಂದು ಮಗು ಅವರ ಬೆನ್ನ ಮೇಲೆ ಇನ್ನೊಂದು ತೊಡೆ ಮೇಲೆ. ಅವತ್ತು ಅವರು ಬೋರ್ಡ್ ಹತ್ರ ನೆಟ್ಟಗೆ ನಿಂತು, ಶರ್ಟ್ ತೋಳು ಇಳಿಸಿ ಗುಂಡಿ ಹಾಕ್ಕೊಂಡು, ಪುಸ್ತಕದ ಕನ್ನಡದಲ್ಲಿ ಪಾಠ ಮಾಡಿದ್ರು. ಮಕ್ಕಳು ಉಸಿರು ಬಿಗಿ ಹಿಡಿದು ಕೂತಿದ್ವು. ನಾನು ಟಿಕ್ ಹಾಕ್ತಾ ಹೋದೆ. ಪೂರ್ವ ಜ್ಞಾನ ಪರೀಕ್ಷೆ, ಕಲಿಕೋಪಕರಣ ಬಳಕೆ, ಮೌಲ್ಯಮಾಪನ. ಬೆಲ್ ಆದ್ಮೇಲೆ ಹತ್ರ ಬಂದು ‘ಏನ್ ಬರ್ಕೊಂಡ್ರಿ ಮೇಡಂ?’ ಅಂದ್ರು. ದನಿಯಲ್ಲಿ ಸಿಟ್ಟಿರ್ಲಿಲ್ಲ. ಅದು ಸೈಕಲ್ ಸ್ಟ್ಯಾಂಡ್ ಹತ್ರ ಕೇಳಿದ್ದ ದನಿ. ಅವತ್ತಿಂದ ಎರಡು ವಾರ ಅವರು ಊಟಕ್ಕೆ ನಮ್ಮ ಜೊತೆ ಕೂರ್ಲಿಲ್ಲ. ಟಿಫನ್ ಬಾಕ್ಸ್ ತಗೊಂಡು ಕ್ಲಾಸ್‌ರೂಮಲ್ಲೇ ತಿಂತಿದ್ರು. ಇಸ್ತ್ರಿ ಶರ್ಟಿನ ಆ ಹೆಡ್‌ಮಾಸ್ಟ್ರನ್ನ ಎಷ್ಟೋ ವರ್ಷ ಮನಸ್ಸಲ್ಲೇ ತೀರ್ಪು ಕೊಟ್ಟು ಕೂರಿಸಿದ್ದೆ. ಈಗ ಟೇಬಲ್ಲಿನ ಆ ಕಡೆ ನಾನಿದ್ದೆ.

ಏನ್ ಮಾಡ್ಬೇಕು ಅಂತ ತೋಚದೆ ಆಗಸ್ಟ್ ತನಕ ಕಳೀತು. ಆರನೇ ಕ್ಲಾಸಿಗೆ ಭಿನ್ನರಾಶಿ ಮಾಡ್ತಿದ್ದೆ, ಏನ್ ಮಾಡಿದ್ರೂ ಮಕ್ಕಳಿಗೆ ಹತ್ತುತ್ತಿರ್ಲಿಲ್ಲ, ಬೋರ್ಡ್ ಮೇಲೆ ವೃತ್ತ ಬರೆದು ಭಾಗ ಮಾಡಿ ಬಣ್ಣ ತುಂಬಿದ್ರೂ ಮೂರನೇ ಒಂದಕ್ಕಿಂತ ನಾಲ್ಕನೇ ಒಂದು ದೊಡ್ಡದು ಅನ್ನೋರು, ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಅಂತ. ಒಂದಿನ ಬೆಳಗ್ಗೆ ಮೇಷ್ಟ್ರ ಹತ್ರ ಹೋಗಿ, ‘ಸಾರ್, ನನ್ನ ಪಾಠ ಹತ್ತುತಾ ಇಲ್ಲ, ಒಂದು ಪೀರಿಯಡ್ ಬಂದು ಹಿಂದಿನ ಬೆಂಚಲ್ಲಿ ಕೂತ್ಕೊಂಡು ಎಲ್ಲಿ ತಪ್ತಿದೀನಿ ನೋಡ್ತೀರಾ’ ಅಂದೆ. ಯಾವ ತಂತ್ರಾನೂ ಇರ್ಲಿಲ್ಲ ಅದರಲ್ಲಿ, ನಿಜವಾಗ್ಲೂ ಸೋತು ಕೇಳಿದ್ದು. ಅವರು ನನ್ನ ಮುಖ ನೋಡಿ, ‘ನಾನು ಬರೀ ಪಿಯುಸಿ-ಟಿಸಿಎಚ್ ಮೇಡಂ’ ಅಂದ್ರು. ಆದ್ರೂ ಬಂದ್ರು. ಕೂತ್ರು. ಪೆನ್ನೂ ಇಲ್ಲ ಪೇಪರೂ ಇಲ್ಲ, ಎರಡು ಕೈನೂ ಬೆಂಚ್ ಮೇಲಿಟ್ಕೊಂಡು ಕೂತ್ರು.

ಪಾಠ ಮುಗಿದ್ಮೇಲೆ ಹೊಂಗೆ ಮರದ ಕೆಳಗೆ ನಿಂತು ಒಂದೇ ಮಾತು ಹೇಳಿದ್ರು. ‘ಪ್ರಶ್ನೆ ಕೇಳಿ ನೀವು ಕಾಯಲ್ಲ ಮೇಡಂ. ಮಗು ಬಾಯಿ ತೆಗೆಯೋದ್ರೊಳಗೆ ನೀವೇ ಉತ್ರ ಹೇಳ್ಬಿಡ್ತೀರ.’ ನಾಲ್ಕು ಸೆಮಿಸ್ಟರ್ ಓದಿ, ಇಷ್ಟು ವರ್ಷ ಪಾಠ ಮಾಡಿ, ಇದನ್ನ ನನಗೆ ಯಾರೂ ಹೇಳಿರ್ಲಿಲ್ಲ. ಮಾರನೇ ದಿನ ಅವರೇ ಒಂದು ಕಬ್ಬಿನ ಜಲ್ಲೆ ತಂದ್ರು. ಆರು ಗಿಣ್ಣಿನ ತುಂಡು, ಅರ್ಧ ಮಾಡಿ ಅಂತ ಮಕ್ಕಳ ಕೈಗೆ ಕೊಟ್ರು. ಒಬ್ಬ ಹುಡುಗ ಮೂರು ಗಿಣ್ಣಿಗೆ ಮುರಿಯೋಕೆ ಹೋದ, ಇನ್ನೊಬ್ಬಳು ‘ಏಯ್, ಬುಡದ ಗಿಣ್ಣು ಗಿಡ್ಡ ಕಣ್ಲಾ, ಮೂರು ಗಿಣ್ಣು ಅಂದ್ರೆ ಅರ್ಧ ಆಗಕಿಲ್ಲ’ ಅಂದ್ಲು. ‘ಆದ್ರೆ ಬುಡದ್ದು ಸೀ ಜಾಸ್ತಿ’ ಅಂದ ಮೂರನೆಯವನು. ಇಡೀ ಪೀರಿಯಡ್ ಅದೇ ಜಗಳ. ಸಮನಾದ ಭಾಗ ಅಂದ್ರೆ ಏನು ಅಂತ ದಾರ ಹಿಡಿದು ಅಳೆದು ಅವರೇ ಕಂಡ್ಕೊಂಡ್ರು, ನಾನು ಹಿಂದಿನ ಬೆಂಚಲ್ಲಿ ಮೇಷ್ಟ್ರ ಪಕ್ಕ ಕೂತು ಬಾಯಿ ಮುಚ್ಕೊಂಡು ಕಾಯೋದು ಕಲಿತೆ. ಕಾಯೋದು ಎಷ್ಟು ಕಷ್ಟ!

ಆವಾಗ್ಲೇ ಅವರು ನಲಿಕಲಿ ಶುರುವಾದ ಕಾಲದ ಮಾತು ತೆಗೆದಿದ್ದು. 1995ರಲ್ಲಿ ಇಲ್ಲೇ ಪಕ್ಕದ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ಬೆಂಬಲದಲ್ಲಿ ಶುರುವಾಗಿದ್ದಲ್ವಾ ಅದು, ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡ್ಕೊಂಡು ಬಂದು, ತಾವೇ ಕೂತು ಕಾರ್ಡ್ ಮಾಡಿದ್ದು. ರಾಜ್ಯದ ಎಲ್ಲಾ ಸ್ಕೂಲಿಗೆ ಬಂದಿದ್ದು 2009ರ ಮೇಲೆ. ‘ಆಗ ಒಬ್ರ ಕ್ಲಾಸಲ್ಲಿ ಒಬ್ರು ಕೂರೋದು ಅಂದ್ರೆ ಹಬ್ಬ ಅಂತಿದ್ರು ಕೋಟೆ ಕಡೆಯೋರು, ಈಗ ಕ್ಲಾಸಿಗೆ ಯಾರಾದ್ರೂ ಬಂದ್ರು ಅಂದ್ರೆ ಏನೋ ತಪ್ಪು ಹುಡುಕೋಕೆ ಬಂದ್ರು ಅಂತಾನೇ ಆಗೋಗಿದೆ’ ಅಂದ್ರು. ನಾನು ಸುಮ್ನೆ ಕೇಳಿಸ್ಕೊಂಡೆ. ಆ ವಾರದಿಂದ ಅವರು ಊಟಕ್ಕೆ ನಮ್ಮ ಜೊತೆ ಕೂತ್ರು. ಈಗ ನಮ್ಮಲ್ಲಿ ಬುಧವಾರ ಒಂದು ಪೀರಿಯಡ್ ಹಿಂದಿನ ಬೆಂಚಿಗೆ ಅಂತ ಇಟ್ಟಿದೀವಿ, ಯಾರ ಕ್ಲಾಸು ಅಂತ ಅವರವರೇ ಹೇಳ್ತಾರೆ, ಪ್ಯಾಡ್ ತರೋ ಹಂಗಿಲ್ಲ. ಸರ್ವರ್ ಬಂದ ವಾರ ತಪ್ಪೋಗತ್ತೆ, ಎಲೆಕ್ಷನ್ ಡ್ಯೂಟಿ ಇದ್ದಾಗ ತಿಂಗಳಿಡೀ ಇಲ್ಲ. ಕಿರಿಯ ಟೀಚರ್ ಒಬ್ಬರು ಇನ್ನೂ ತಮ್ಮ ಕ್ಲಾಸಿಗೆ ಕರೆದಿಲ್ಲ, ನಾನೂ ಕೇಳಿಲ್ಲ.

ನಾಲ್ಕೂಕಾಲು ಬಸ್ಸು

ಆ ಹುಡುಗಿ ಇನ್ನೂ ಕಟ್ಟು ಹಿಡ್ಕೊಂಡು ನಿಂತಿದ್ಲು. ನೀರು ಕೊಟ್ಟೆ, ಊಟ ಆಯ್ತಾ ಅಂದೆ, ಇಲ್ಲ ಅಂದ್ಲು, ಅಡುಗೆ ಅಮ್ಮ ಉಳಿದಿದ್ದ ಅನ್ನ ಸಾರು ಹಾಕಿದ್ರು. ಅವಳು ತಿಂತಿರೋವಾಗ ಹೇಳಿದೆ, ‘ನಾನು ತುಂಬಿಸಿ ಕೊಡಲ್ಲಮ್ಮ. ನಲಿಕಲಿ ರೂಮಲ್ಲಿ ನಾಲ್ಕೂ ಜನ ಕೂರ್ಲಿ, ದೂರ ದೂರ ಕೂರ್ಸು, ಹೆಸರು ಬರೆಸ್ಬೇಡ. ನೀನೇ ಬಾಗಿಲು ಹಾಕ್ಕೋ, ನೀನೇ ಕಲೆಕ್ಟ್ ಮಾಡ್ಕೋ. ಎಲ್ಲಾ ಮಕ್ಕಳನ್ನೂ ನಾನು ಹೊರಗೆ ಇಟ್ಕೊಂಡಿರ್ತೀನಿ.’ ಅವಳಿಗೆ ಗಾಬರಿ ಆಯ್ತು, ಅಷ್ಟೊಂದು ತೊಂದರೆ ಯಾಕೆ ಮೇಡಂ ಅಂದ್ಲು. ಬೇರೆ ಸ್ಕೂಲಲ್ಲಿ ಹೆಂಗಾಯ್ತು ಅಂತ ಕೇಳಿದೆ. ಅವಳು ತಟ್ಟೆ ನೋಡ್ಕೊಂಡು, ‘ಹೆಡ್‌ಮಾಸ್ಟರ್ ಎದುರಿಗೇ...’ ಅಂತ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದ್ಲು. ನನ್ನ ರೆಕ್ಸಿನ್ ಪುಸ್ತಕದ ಕಥೆ ಅವಳಿಗೆ ಹೇಳಿದೆ. ಆ ಫಾರ್ಮ್‌ಗಳನ್ನ ಏನು ಮಾಡ್ಲಿ ಅಂತ ಕೇಳಿದ್ಲು. ಅವು ಹೆಂಗೆ ತುಂಬಿದ್ದು ಅನ್ನೋದನ್ನೇ ಒಂದು ಅಧ್ಯಾಯ ಬರಿ, ನಿನ್ನ ಗೈಡ್ ಒಪ್ಪದಿದ್ರೂ ಒಂದು ಪುಟನಾದ್ರೂ ಬರಿ ಅಂದೆ.

92ರಲ್ಲಿ ಅವತ್ತು ಬಂದಿದ್ದ ಎಂಬತ್ತು ಚಿಲ್ಲರೆ ಮಕ್ಕಳನ್ನ ಹೊಂಗೆ ಮರದ ಕೆಳಗೆ ಕೂರಿಸ್ಕೊಂಡೆ. ಆಲೆಮನೆ ಕೆಲಸಕ್ಕೆ ಬಂದೋರ ಮಕ್ಕಳು ಮೂರು ಹೊಸದಾಗಿ ಸೇರಿದ್ವು, ಅವಕ್ಕೆ ನಮ್ಮ ಭಾಷೆ ಇನ್ನೂ ಸರಿಯಾಗಿ ಬರ್ತಿರ್ಲಿಲ್ಲ, ದೊಡ್ಡ ಮಕ್ಕಳಿಗೆ ಅವುಗಳ ಜೊತೆ ಸೇರಿ ಆಡೋಕೆ ಬಿಟ್ಟು ಒಂದು ಕಥೆ ಶುರು ಮಾಡಿದೆ. ಕಥೆ ಮುಗೀತು, ಒಗಟು ಮುಗೀತು, ಹಾಡು ಮುಗೀತು. ನಲಿಕಲಿ ರೂಮಿನ ಬಾಗಿಲು ತೆಗೀಲಿಲ್ಲ. ಕಣ್ಣು ಅಲ್ಲಿಗೇ ಹೋಗ್ತಿತ್ತು. ಏಳು ನಿಮಿಷ ಯಾವಾಗ್ಲೋ ಆಗೋಗಿತ್ತು, ಕಾಲು ಗಂಟೆ, ಅರ್ಧ ಗಂಟೆ. ಹೊಟ್ಟೇಲಿ ಒಂಥರ ಸಂಕಟ, ಹನ್ನೊಂದನೇ ಪ್ರಶ್ನೆ ಥರದ್ದು ಅದರಲ್ಲೂ ಇರ್ಬೇಕು, ಆ ಕಿರಿಯ ಟೀಚರ್ ಏನು ಹಾಕ್ತಿರ್ಬೋದು, ಜುಲೈ ತಿಂಗಳ ಪ್ಯಾಡು ಮೇಷ್ಟ್ರಿಗೆ ನೆನಪಾಗ್ತಿರ್ಬೋದಾ. ಇದನ್ನೆಲ್ಲಾ ಯೋಚಿಸ್ತಾ ಕೂತಿದ್ರೂ, ಹೋಗಿ ಬಾಗಿಲು ತಟ್ಟಿ ಆಯ್ತಾ ಅಂತ ಕೇಳೋಕೆ ಮಾತ್ರ ಏಳ್ಲಿಲ್ಲ.

ಬಾಗಿಲು ತೆಗೆದಾಗ ನಲವತ್ತೈದು ನಿಮಿಷದ ಮೇಲಾಗಿತ್ತು. ನಾಲ್ಕು ಜನಾನೂ ಮಾತಾಡದೆ ಅವರವರ ಕ್ಲಾಸಿನ ಮಕ್ಕಳನ್ನ ಕರ್ಕೊಂಡು ಹೋದ್ರು. ಹುಡುಗಿ ಕವರ್ ಹಿಡ್ಕೊಂಡು ಬಂದು ‘ಮೇಡಂ, ನೀವೊಂದ್ಸಲ ನೋಡ್ತೀರಾ?’ ಅಂದ್ಲು. ಬೇಡ, ಅಂಟಿಸಿ ಬ್ಯಾಗಿಗೆ ಹಾಕ್ಕೋ ಅಂದೆ. ಟೈಮ್ ನೋಡಿದ್ರೆ ನಾಲ್ಕಾಗೋಕೆ ಹತ್ತು ನಿಮಿಷ, ಸ್ಟಾಪಿಗೆ ಅರ್ಧ ಕಿಲೋಮೀಟರ್ ನಡೀಬೇಕು, ದಾರೀಲಿ ಕಬ್ಬಿನ ಗಾಡಿಗಳ ಸಾಲು. ಆರನೇ ಕ್ಲಾಸ್ ಮಕ್ಕಳು ಇನ್ನೂ ನನ್ನ ಸುತ್ತಾನೇ ನಿಂತಿದ್ವು. ಮೇಷ್ಟ್ರು ತಮ್ಮ ಕ್ಲಾಸಿನ ಬಾಗಿಲಿಂದ ತಿರುಗಿ ಬಂದು ನನ್ನ ಕೈಯಲ್ಲಿದ್ದ ಸೀಮೆಸುಣ್ಣ ತಗೊಂಡ್ರು.

‘ಆರನೇ ಕ್ಲಾಸನ್ನೂ ನಮ್ಮ ರೂಮಿಗೇ ಕರ್ಕೊಂತೀನಿ. ನೀವು ಆ ಮಗೂನ ಬಸ್ ಹತ್ತಿಸಿ ಬನ್ನಿ ಮೇಡಂ.’